ಇಪ್ಪತ್ತು ನಿಮಿಷ ಓಡಿ ನಿಲ್ಲುವ ಹಳೆಯ ಪಿಕಪ್: ಮನೆಮಂದಿ ಸೇರಿ ದೋಷ ಹುಡುಕುವ ಬಗೆ

ತಣ್ಣಗಿರುವಾಗ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದೆ. ನಿಂತಲ್ಲಿ ನಯವಾಗಿ ಓಡುತ್ತದೆ. ರಸ್ತೆಗೆ ಇಳಿದು ಹದಿನೆಂಟು, ಇಪ್ಪತ್ತು ನಿಮಿಷ ಕಳೆಯುತ್ತಲೇ ಏರಿನಲ್ಲಿ ಮುಗ್ಗರಿಸುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಬಲ ಕುಗ್ಗುತ್ತದೆ. ಕೊನೆಗೆ ಕೆಮ್ಮಿ ನಿಂತುಬಿಡುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿರಲಿಲ್ಲವೆಂಬಂತೆ ಮತ್ತೆ ಹತ್ತುತ್ತದೆ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಮತ್ತು ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಹಳೆಯ ಪೆಟ್ರೋಲ್ ಪಿಕಪ್ಪನ್ನು ಮನೆಯಲ್ಲೇ ಕಟ್ಟಿ ನಿಲ್ಲಿಸಿದವರಲ್ಲಿ ಹಲವರು ಈ ಕಾಯಿಲೆಯನ್ನು ಒಂದಲ್ಲ ಒಂದು ದಿನ ಕಾಣುತ್ತಾರೆ. ಈ ಬರಹ ಅದಕ್ಕಾಗಿ.

ಇದರ ಕಷ್ಟ ಇರುವುದು ಒಂದೇ ಕಡೆ. ಉಪಕರಣದ ಪೆಟ್ಟಿಗೆ ತೆರೆಯುವ ಹೊತ್ತಿಗೆ ಎಂಜಿನ್ ಗುಣವಾಗಿರುತ್ತದೆ. ಗುಣವಾದ ಎಂಜಿನ್ನಿನಲ್ಲಿ ದೋಷ ಹುಡುಕಲು ಆಗುವುದಿಲ್ಲ. ಆದ್ದರಿಂದ ಜನ ಊಹೆಯ ಮೇಲೆ ಭಾಗಗಳನ್ನು ಬದಲಿಸುತ್ತಾ ಹೋಗುತ್ತಾರೆ: ಮೊದಲು ಕಿಡಿಗಾಗಿ ವೋಲ್ಟ್ ಏರಿಸುವ ಕಾಯಿಲ್, ಆಮೇಲೆ ಪಂಪ್, ಆಮೇಲೆ ಕಾರ್ಬುರೇಟರ್. ನಾವೂ ಎರಡು ತಿಂಗಳು ಹೀಗೆಯೇ ಕಳೆದೆವು. ಎಂಜಿನ್ ನಿಂತ ಮೇಲಿನ ಮೊದಲ ಮೂರು ನಿಮಿಷದಲ್ಲಿ ಸಾಕ್ಷಿ ಎಲ್ಲವೂ ಅಲ್ಲೇ ಇರುತ್ತದೆ ಎಂಬುದು ಅರಿವಾದ ಮೇಲೆ ಕೆಲಸದ ದಾರಿಯೇ ಬದಲಾಯಿತು. ಒಬ್ಬರ ಎರಡು ಕೈಗಳಿಗೆ ಮೂರು ನಿಮಿಷ ಸಾಲದು. ನಾವು ಐದು ಜನ ಇದ್ದೆವು.

ನಮ್ಮ ಗಾಡಿ ನನ್ನ ಅಪ್ಪ ಓಡಿಸುತ್ತಿದ್ದದ್ದು. ಆರು ಸಿಲಿಂಡರ್, 12 ವೋಲ್ಟ್, ಎಂಜಿನ್ನೇ ತಳ್ಳಿ ನಡೆಸುವ ಯಾಂತ್ರಿಕ ಪೆಟ್ರೋಲ್ ಪಂಪ್, ಸೀಟಿನ ಹಿಂದೆ ಕ್ಯಾಬಿನ್ನಿನಲ್ಲೇ ಕೂತ ಟ್ಯಾಂಕ್. ಎರಡು ವರ್ಷ ಬಿಡುವಿನ ದಿನಗಳಲ್ಲಿ ಅಪ್ಪ, ನಾನು, ನನ್ನ ಗಂಡ, ಹದಿನಾರರ ಮಗಳು, ಹನ್ನೊಂದರ ಮಗ ಸೇರಿ ಅದನ್ನು ಬಿಚ್ಚಿ, ತುಕ್ಕು ತೆಗೆದು, ಬಣ್ಣ ಬಳಿದು, ಮತ್ತೆ ಜೋಡಿಸಿದ್ದೆವು. ಹೊಳೆಯುವ ಗಾಡಿ ರಸ್ತೆ ಬದಿಯಲ್ಲಿ ಸತ್ತು ನಿಂತಾಗ ಮಕ್ಕಳ ಮುಖ ನೋಡಲು ಆಗುತ್ತಿರಲಿಲ್ಲ.

ಹೊರಡುವ ಮುನ್ನ ಆರೋಗ್ಯದ ಲೆಕ್ಕ

ಗಾಡಿ ಚೆನ್ನಾಗಿ ಓಡುತ್ತಿರುವಾಗ ಅದರ ಅಂಕಿಗಳು ಎಷ್ಟಿದ್ದವು ಎಂಬುದು ತಿಳಿಯದಿದ್ದರೆ ಕೆಟ್ಟಾಗಿನ ಅಂಕಿಗಳಿಗೆ ಅರ್ಥವಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬರೆಯುವ ಕೆಲಸವನ್ನು ಮನೆಯ ಅತಿ ಚಿಕ್ಕ ಸದಸ್ಯರಿಗೆ ಕೊಡಿ. ದೊಡ್ಡವರು ನೆನಪಿನ ಮೇಲೆ ಭರವಸೆ ಇಟ್ಟು ಬರೆಯುವುದನ್ನು ಬಿಡುತ್ತಾರೆ, ಮಕ್ಕಳು ಬಿಡುವುದಿಲ್ಲ.

ಮೊದಲು ಬ್ಯಾಟರಿ. ರಾತ್ರಿಯಿಡೀ ವಿಶ್ರಾಂತಿ ಪಡೆದ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಸ್ವಲ್ಪ ವೇಗವಾಗಿ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಗಾಡಿ ಇನ್ನೂ ಹಳೆಯದಾದರೆ ಮೀಟರ್ ಹಚ್ಚುವ ಮೊದಲೇ ಒಂದು ವಿಷಯ ಖಚಿತಪಡಿಸಿಕೊಳ್ಳಿ. ಫೋರ್ಡ್ ಪಿಕಪ್‌ಗಳು 1955ರ ಮಾದರಿಯವರೆಗೆ 6 ವೋಲ್ಟಿನವು, ಅವುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಚಾಸಿಗೆ ಸೇರಿರುತ್ತದೆ. 1956ರಿಂದ 12 ವೋಲ್ಟ್ ಮತ್ತು ನೆಗೆಟಿವ್ ಅರ್ತ್ ಬಂದವು. ಇದು ತಿಳಿಯದೆ ಬೇರೆ ವಾಹನದಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಲು ಹೋದರೆ ದೋಷ ಹುಡುಕುವ ಬದಲು ಹೊಸದನ್ನು ಹುಟ್ಟಿಸಿದಂತಾಗುತ್ತದೆ.

ಎರಡನೆಯದು ಅರ್ತಿಂಗ್, ಅಂದರೆ ಬ್ಯಾಟರಿಯನ್ನು ಚಾಸಿಗೆ, ಎಂಜಿನ್ನಿಗೆ ಸೇರಿಸುವ ಜೋಡಣೆ. ಹೊಸದಾಗಿ ಕಟ್ಟಿದ ಗಾಡಿಯಲ್ಲಿ ಇದನ್ನು ಯಾರೂ ಅನುಮಾನಿಸುವುದಿಲ್ಲ, ಎಲ್ಲವೂ ಹೊಸತಾಗಿ ಕಾಣುತ್ತದಲ್ಲ. ಆದರೆ ಹೊಸ ಬಣ್ಣವೇ ಅರ್ತಿಂಗಿನ ಮೊದಲ ಶತ್ರು. ಅರ್ತ್ ಪಟ್ಟಿಯನ್ನು ಬಣ್ಣದ ಮೇಲೆ ಬೋಲ್ಟ್ ಹಾಕಿ ಬಿಗಿದರೆ ವಿದ್ಯುತ್ತು ಬೋಲ್ಟಿನ ಎಳೆಗಳ ಮೂಲಕ ಹೇಗೋ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಪರೀಕ್ಷೆ ಸುಲಭ. ಕಾಯಿಲಿನ ಪಾಸಿಟಿವ್ ತಂತಿಯನ್ನು ಕಳಚಿಡಿ, ಎಂಜಿನ್ ಹತ್ತಬಾರದು. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಶುದ್ಧ ಲೋಹದ ಮೇಲೆ ಇಟ್ಟು ಸೆಲ್ಫ್ ತಿರುಗಿಸಲು ಹೇಳಿ. 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ, ಅರ್ಧ ವೋಲ್ಟ್ ದಾಟಿದರೆ ಅರ್ತಿಂಗ್ ಕೆಟ್ಟಿದೆ. ನಮ್ಮದು 1.1 ತೋರಿಸಿತು. ನನ್ನ ಗಂಡ ಅಷ್ಟು ಪ್ರೀತಿಯಿಂದ ಬಳಿದ ಕಪ್ಪು ಬಣ್ಣವನ್ನು ನಾಣ್ಯದಷ್ಟು ಅಗಲಕ್ಕೆ ಮರಳು ಕಾಗದದಿಂದ ಉಜ್ಜಿ ತೆಗೆದಾಗ ಅದು 0.15ಕ್ಕೆ ಇಳಿಯಿತು. ನಿಲ್ಲುವ ಕಾಯಿಲೆ ಹೋಗಲಿಲ್ಲ, ಆದರೆ ಮುಂದಿನ ಎಲ್ಲ ಅಳತೆಗಳೂ ನಂಬಲು ಯೋಗ್ಯವಾದವು.

ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ (ಅಳತೆಯ ತೆಳು ಉಕ್ಕಿನ ಪಟ್ಟಿ) ಅಳೆಯಿರಿ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್ ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು. ಪ್ಲಗ್ ತಂತಿಯ ನಡುವೆ ಸಿಕ್ಕಿಸುವ, ಮುಚ್ಚಿದ ಗಾಜಿನ ಕಿಡಿ ಪರೀಕ್ಷಕದಲ್ಲಿ ತಣ್ಣನೆಯ ಎಂಜಿನ್ನಿನ ಕಿಡಿ ಹೇಗೆ ಕಾಣುತ್ತದೆ ಎಂದು ಎಲ್ಲರೂ ನೋಡಿಡಿ. ಹಾಗೆಯೇ ಏರ್ ಕ್ಲೀನರ್ ತೆಗೆದು, ಎಂಜಿನ್ ಆಫ್ ಇರುವಾಗ, ಕಾರ್ಬುರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟು ಆಕ್ಸಿಲರೇಟರ್ ಸರಳನ್ನು ಒಮ್ಮೆ ಎಳೆಯಿರಿ. ಸಣ್ಣ ರಂಧ್ರದಿಂದ ಪೆಟ್ರೋಲಿನ ಗೆರೆ ಚಿಮ್ಮಬೇಕು. ಆರೋಗ್ಯವಾಗಿರುವಾಗಲೇ ಚಿಮ್ಮದಿದ್ದರೆ ಕಾರ್ಬುರೇಟರಿನೊಳಗಿನ ಸಣ್ಣ ಪಂಪಿನ ಚರ್ಮದ ಬಟ್ಟಲು ಒಣಗಿದೆ ಎಂದರ್ಥ. ಅದನ್ನು ಮೊದಲು ಸರಿಪಡಿಸಿ, ಮುಂದೆ ಈ ಗೆರೆಯೇ ನಮ್ಮ ಮುಖ್ಯ ಸಾಕ್ಷಿ.

ಪಂಪಿಗೂ ಕಾರ್ಬುರೇಟರಿಗೂ ನಡುವೆ ಒಂದು ಒತ್ತಡದ ಗೇಜ್ ಸೇರಿಸಿ. ಹಲವು ಯಾಂತ್ರಿಕ ಪಂಪ್‌ಗಳು 3ರಿಂದ 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡುತ್ತವೆ. ನಮ್ಮದು ತಣ್ಣಗಿರುವಾಗ 4 ಇತ್ತು. ಓಡಿಸುವಾಗ ಗೇಜ್ ಕಾಣಬೇಕೆಂದು ಪೆಟ್ರೋಲ್ ತುಂಬಿದ ಪೈಪನ್ನು ಎಂದೂ ಕ್ಯಾಬಿನ್ನಿನ ಒಳಗೆ ತರಬೇಡಿ. ನಾವು ಅದನ್ನು ಮುಂಗಾಜಿನ ಹೊರಗೆ, ವೈಪರಿನ ಬುಡದಲ್ಲಿ, ಬಿಸಿ ತಾಗದ ಹಾಗೆ ಕಟ್ಟಿದೆವು.

ಯಾರು ಎಲ್ಲಿ

ಗಾಡಿ ನಿಂತ ಮೇಲೆ ಯಾರು ಏನು ಮಾಡಬೇಕು ಎಂದು ಅಂಗಳದಲ್ಲಿ ಮೂರು ಸಲ ಅಭ್ಯಾಸ ಮಾಡಿದೆವು. ಚಾಲನೆ ನನ್ನದು. ಪಕ್ಕದಲ್ಲಿ ಅಪ್ಪ, ಅವರಿಗೆ ಶಬ್ದದ ಕೆಲಸ. ಈ ಎಂಜಿನ್ನಿನ ಪ್ರತಿ ಉಸಿರೂ ಅವರಿಗೆ ಗೊತ್ತು. ಉಳಿದ ಮೂವರು ಹಿಂದಿನ ಕಾರಿನಲ್ಲಿ. ಮಗಳಿಗೆ ಕಾರ್ಬುರೇಟರ್, ನನ್ನ ಗಂಡನಿಗೆ ಕಿಡಿ ಮತ್ತು ಮೀಟರ್, ಮಗನಿಗೆ ಗಡಿಯಾರ ಮತ್ತು ನೋಟ್‌ಬುಕ್. ಅಗ್ನಿಶಾಮಕ ಸಿಲಿಂಡರ್ ಯಾವಾಗಲೂ ನನ್ನ ಕೈಯಲ್ಲಿ.

ಎರಡು ನಿಯಮ ಕಟ್ಟುನಿಟ್ಟು. ವಾಹನಗಳು ಓಡಾಡುವ ರಸ್ತೆಯಲ್ಲಿ ಈ ಪರೀಕ್ಷೆ ಇಲ್ಲ, ಪಕ್ಕಕ್ಕೆ ಸರಿದು ನಿಲ್ಲಲು ವಿಶಾಲ ಜಾಗ ಇರುವ ದಾರಿಯಲ್ಲಿ ಮಾತ್ರ. ಇನ್ನೊಂದು, ಪೆಟ್ರೋಲ್ ತೆರೆದಿರುವಾಗ ಕಿಡಿ ಇಲ್ಲ. ಕಾರ್ಬುರೇಟರ್ ನೋಡಿ ಮುಗಿದು, ಏರ್ ಕ್ಲೀನರ್ ಮತ್ತೆ ಮೇಲೆ ಕೂತ ನಂತರವೇ ಕಿಡಿಯ ಪರೀಕ್ಷೆ. ಐದು ಜನ ಒಟ್ಟಿಗೆ ಬಾನೆಟ್ಟಿನ ಕೆಳಗೆ ಬಾಗಿದರೆ ಯಾರ ಕೈ ಎಲ್ಲಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಒಬ್ಬರು "ಆಯಿತು" ಎಂದು ಗಟ್ಟಿಯಾಗಿ ಹೇಳಿ ಹಿಂದೆ ಸರಿದ ಮೇಲೆ ಮುಂದಿನವರು ಬರಬೇಕು. ಫ್ಯಾನಿನ ಬಳಿ ಸಡಿಲ ಬಟ್ಟೆ, ಬಿಚ್ಚಿದ ಕೂದಲು ಬೇಡ. ಬಿಸಿ ರೇಡಿಯೇಟರಿನ ಮುಚ್ಚಳ ಯಾರೂ ಮುಟ್ಟುವಂತಿಲ್ಲ.

ಮೂರು ನಿಮಿಷ

ಎಂಜಿನ್ ನಿಂತ ಕೂಡಲೇ ಕೀ ಆಫ್ ಮಾಡಿ. ಮತ್ತೆ ಹತ್ತುತ್ತದೆಯೋ ಎಂದು ಸೆಲ್ಫ್ ತಿರುಗಿಸುವ ಆಸೆಯನ್ನು ತಡೆದುಕೊಳ್ಳಬೇಕು, ಇದೇ ಎಲ್ಲಕ್ಕಿಂತ ಕಷ್ಟ. ಸೆಲ್ಫ್ ತಿರುಗಿದರೆ ಪಂಪ್ ಕೆಲಸ ಮಾಡಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಮತ್ತೆ ತುಂಬಬಹುದು, ಸಾಕ್ಷಿ ಅಳಿಸಿಹೋಗುತ್ತದೆ. ತುಂಬ ಹೊತ್ತು ಕಾದರೂ ಕಷ್ಟ. ಓಡುತ್ತಿದ್ದ ಎಂಜಿನ್ನಿನ ಶಾಖ ಗಾಳಿ ಇಲ್ಲದೆ ಮೇಲಕ್ಕೇರಿ ಬಟ್ಟಲಿನ ಪೆಟ್ರೋಲನ್ನು ಕುದಿಸಿ ಖಾಲಿ ಮಾಡಬಹುದು. ಆಗ ತುಂಬಿದ್ದ ಬಟ್ಟಲು ಬರಿದಾಗಿ ಕಂಡು ದಾರಿ ತಪ್ಪಿಸುತ್ತದೆ. ಮೂರು ನಿಮಿಷದ ಲೆಕ್ಕ ಬಂದದ್ದು ಇಲ್ಲಿಂದಲೇ.

ಕ್ರಮ ಹೀಗೆ. ಒಬ್ಬರು ಟ್ಯಾಂಕಿನ ಮುಚ್ಚಳದ ಬಳಿ ಹೋಗಿ ನಿಧಾನವಾಗಿ ತಿರುಗಿಸಿ ಕಿವಿಗೊಡಬೇಕು. ಗಾಳಿ ಹೊರಗೆ ನುಗ್ಗಿತೇ, ಒಳಗೆ ಎಳೆದುಕೊಂಡಿತೇ, ಏನೂ ಇಲ್ಲವೇ? ಬಟ್ಟಲಿನ ಸಾಕ್ಷಿ ಇದರಿಂದ ಬದಲಾಗುವುದಿಲ್ಲ, ಸೆಲ್ಫ್ ತಿರುಗಿಲ್ಲವಲ್ಲ. ಅಷ್ಟರಲ್ಲಿ ಇನ್ನೊಬ್ಬರು ಏರ್ ಕ್ಲೀನರ್ ತೆಗೆದು, ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಸರಳನ್ನು ಎಳೆಯಬೇಕು. ಮುಖ ನೇರವಾಗಿ ಮೇಲೆ ಬಾಗಿಸದೆ ಪಕ್ಕದಿಂದ ನೋಡಬೇಕು. ಗೆರೆ ಗಟ್ಟಿಯಾಗಿ ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲ್ ಇದೆ, ಅನುಮಾನ ಕಿಡಿಯ ಕಡೆ ತಿರುಗುತ್ತದೆ. ಒಣ ಉಸಿರು ಮಾತ್ರ ಬಂದರೆ ಪೆಟ್ರೋಲ್ ಅಲ್ಲಿಗೆ ತಲುಪುತ್ತಿಲ್ಲ. ಏರ್ ಕ್ಲೀನರ್ ಮುಚ್ಚಿ, ಕಿಡಿ ಪರೀಕ್ಷಕ ಸಿಕ್ಕಿಸಿ, ಈಗ ಮೊದಲ ಬಾರಿಗೆ ಸೆಲ್ಫ್ ತಿರುಗಿಸಿ. ಬೆಳಗ್ಗೆ ಕಂಡಂಥ ಕಿಡಿಯೇ ಇದೆಯೇ ನೋಡಿ.

ಇಷ್ಟೇ. ಪೆಟ್ರೋಲ್ ಇದೆ, ಕಿಡಿ ಇಲ್ಲ. ಕಿಡಿ ಇದೆ, ಪೆಟ್ರೋಲ್ ಇಲ್ಲ. ಎರಡೂ ಇವೆ, ಆದರೂ ಹತ್ತುತ್ತಿಲ್ಲ. ಮೂರನೆಯದು ಅಪರೂಪ. ಆಗ ಬಿಸಿಯಲ್ಲಿ ಅಂಟಿದ ಚೋಕ್, ತುಂಬಿ ಉಕ್ಕಿದ ಕಾರ್ಬುರೇಟರ್, ಜಾರಿದ ಟೈಮಿಂಗ್ (ಕಿಡಿ ಹಾರುವ ಸಮಯ) ನೋಡಿ. ಪ್ಲಗ್ ಬಿಚ್ಚಿದಾಗ ಒದ್ದೆಯಾಗಿದ್ದರೆ ಉಕ್ಕಿದೆ ಎಂದೇ ಲೆಕ್ಕ.

ಪೆಟ್ರೋಲ್ ತಲುಪದಿದ್ದರೆ

ನಮ್ಮ ಮೊದಲ ಎರಡು ಓಟದಲ್ಲೂ ಗೆರೆ ಒಣಗಿತ್ತು, ಕಿಡಿ ಚೆನ್ನಾಗಿತ್ತು. ಗೇಜ್ 4ರಿಂದ ನಿಧಾನವಾಗಿ 1ಕ್ಕೆ ಇಳಿದು ಆಮೇಲೆ ಎಂಜಿನ್ ನಿಂತಿತ್ತು. ಮುಚ್ಚಳದ ಬಗ್ಗೆ ಆಗ ಯೋಚಿಸಿಯೇ ಇರಲಿಲ್ಲ. ಬಿಸಿಯಾದಾಗ ನಿಲ್ಲುತ್ತದೆ, ತಣಿದಾಗ ಓಡುತ್ತದೆ, ಹಾಗಾದರೆ ಶಾಖವೇ ಕಾರಣ ಎಂದು ಎಲ್ಲರೂ ನಂಬಿದ್ದೆವು. ಪೈಪನ್ನು ಎಗ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿದೆವು, ತಗಡಿನ ಮರೆ ಕಟ್ಟಿದೆವು, ಹೊಸ ಪಂಪ್ ಹಾಕಿದೆವು. ಏನೂ ಬದಲಾಗಲಿಲ್ಲ.

ಗಂಟು ಬಿಚ್ಚಿದ್ದು ನೋಟ್‌ಬುಕ್. ಓಟದ ವೇಳೆ ಮಾಡಲು ಬೇರೆ ಕೆಲಸವಿಲ್ಲದ ಮಗ ಹೊರಡುವ ಮುನ್ನ ಪೆಟ್ರೋಲಿನ ಮುಳ್ಳು ಎಲ್ಲಿದೆ ಎಂದು ನೋಡಿ, ತಾನೇ ಒಂದು ಅಂಕಣ ಎಳೆದು ಬರೆದಿಟ್ಟಿದ್ದ. ತುಂಬಿದ ಟ್ಯಾಂಕ್, 18 ನಿಮಿಷ. ತುಂಬಿದ ಟ್ಯಾಂಕ್, 21 ನಿಮಿಷ. ಅರ್ಧ ಟ್ಯಾಂಕ್, 55 ನಿಮಿಷ, ನಿಲ್ಲಲಿಲ್ಲ. "ತಾತ, ಪೆಟ್ರೋಲ್ ಜಾಸ್ತಿ ಇದ್ದಾಗಲೇ ಬೇಗ ನಿಲ್ಲುತ್ತದೆ, ಯಾಕೆ?" ಎಂದು ಅವನು ಕೇಳಿದ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ಎದ್ದು ಹೋಗಿ ಟ್ಯಾಂಕಿನ ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು.

ಪಂಪ್ ಟ್ಯಾಂಕಿನಿಂದ ಎಷ್ಟು ಪೆಟ್ರೋಲ್ ಎಳೆಯುತ್ತದೆಯೋ ಅಷ್ಟೇ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಹಳೆಯ ಗಾಡಿಗಳಲ್ಲಿ ಆ ಗಾಳಿ ಬರುವುದು ಮುಚ್ಚಳದಲ್ಲಿರುವ ಸಣ್ಣ ದಾರಿಯಿಂದ. ಪೆಟ್ರೋಲ್ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಬಂದ ನಂತರದ ಗಾಡಿಗಳಲ್ಲಿ ಟ್ಯಾಂಕಿಗೆ ಬೇರೆ ಉಸಿರಾಟದ ಕೊಳವೆ ಇರುವುದರಿಂದ ಅವುಗಳ ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿ ಕೂರಬಹುದು. ಎರಡೂ ಒಂದೇ ಅಳತೆಯ ಕುತ್ತಿಗೆಗೆ ಸರಿಯಾಗಿ ಕೂರುತ್ತವೆ. ನಾವು ಹಾಕಿದ್ದ ಹೊಸ, ಹೊಳೆಯುವ ಮುಚ್ಚಳ ಎರಡನೆಯ ಜಾತಿಯದು.

ತುಂಬಿದ ಟ್ಯಾಂಕಿನಲ್ಲಿ ಮೇಲುಗಡೆ ಗಾಳಿಗೆ ನಾಲ್ಕೈದು ಲೀಟರಿನಷ್ಟು ಜಾಗ ಇದೆ ಎಂದುಕೊಳ್ಳಿ. ಎಂಜಿನ್ 3 ಲೀಟರ್ ಕುಡಿಯುವಷ್ಟರಲ್ಲಿ ಅದೇ ಗಾಳಿ ಏಳೆಂಟು ಲೀಟರಿನ ಜಾಗಕ್ಕೆ ಹಿಗ್ಗಬೇಕು, ಒಳಗಿನ ಒತ್ತಡ ಚೆನ್ನಾಗಿ ಕುಸಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಮೂವತ್ತು ಲೀಟರಿಗೂ ಹೆಚ್ಚು ಗಾಳಿ ಇರುವುದರಿಂದ ಅದೇ 3 ಲೀಟರಿಗೆ ಕುಸಿತ ಅತ್ಯಲ್ಪ. ಒತ್ತಡ ಕುಸಿದಾಗ ಪೆಟ್ರೋಲ್ ಕುದಿಯುವ ಉಷ್ಣತೆಯೂ ಕೆಳಗಿಳಿಯುತ್ತದೆ, ಪೈಪಿನಲ್ಲೇ ಆವಿಯ ಗುಳ್ಳೆಗಳು ಏಳುತ್ತವೆ. ಪಂಪಿಗೆ ದ್ರವ ಎಳೆಯಲು ಬರುತ್ತದೆ, ಆವಿಯನ್ನು ಎಳೆಯಲು ಬರುವುದಿಲ್ಲ. ಶಾಖದಿಂದ ಪೈಪಿನಲ್ಲಿ ಆವಿ ಕಟ್ಟುವ ತೊಂದರೆಗೂ ಇದಕ್ಕೂ ಹೊರನೋಟದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣದಿರುವುದು ಇದರಿಂದಲೇ. ಅರ್ಧ ಗಂಟೆಯಲ್ಲಿ ಗಾಡಿ ಗುಣವಾಗುತ್ತಿದ್ದದ್ದು ತಣಿದದ್ದರಿಂದ ಅಲ್ಲ. ಮುಚ್ಚಳದ ರಬ್ಬರ್ ಅಂಚಿನಲ್ಲಿ ಗಾಳಿ ಮೆಲ್ಲಗೆ ಒಳಸೇರುತ್ತಿದ್ದದ್ದರಿಂದ.

ನಾಲ್ಕನೆಯ ಓಟದಲ್ಲಿ, ತುಂಬಿದ ಟ್ಯಾಂಕಿನೊಂದಿಗೆ, 19ನೆಯ ನಿಮಿಷಕ್ಕೆ ಎಂಜಿನ್ ನಿಂತಾಗ ಮುಚ್ಚಳ ತೆರೆದೆವು. ಟ್ಯಾಂಕ್ ದೀರ್ಘವಾಗಿ ಉಸಿರೆಳೆದುಕೊಂಡಿತು. ಮೂರು ಮಾರು ದೂರ ನಿಂತಿದ್ದ ನನಗೂ ಕೇಳಿಸಿತು.

ನಿಮ್ಮ ಗಾಡಿಯಲ್ಲೂ ಈ ಅನುಮಾನವಿದ್ದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮುಚ್ಚಳ ತೆರೆದು ಮತ್ತೆ ಹಾಕಿ. ಹಾಗೆ ಮಾಡಿದಾಗ ಒಂದು ಗಂಟೆ ಓಡಿದರೆ ಉತ್ತರ ಸಿಕ್ಕಂತೆ. ಮುಚ್ಚಳಕ್ಕೆ ತೂತು ಕೊರೆಯುವ ಅಡ್ಡದಾರಿ ಬೇಡ. ತಿರುವಿನಲ್ಲಿ ಪೆಟ್ರೋಲ್ ಚೆಲ್ಲುತ್ತದೆ, ಆವಿ ಸದಾ ಹೊರಬರುತ್ತದೆ, ಟ್ಯಾಂಕ್ ಕ್ಯಾಬಿನ್ನಿನಲ್ಲೇ ಇರುವ ಗಾಡಿಯಲ್ಲಿ ಅದು ನೀವು ಉಸಿರಾಡುವ ಗಾಳಿಗೇ ಸೇರಬಹುದು. ಗಾಳಿಯಾಡುವ ಕವಾಟವಿರುವ ಸರಿಯಾದ ಮುಚ್ಚಳವನ್ನೇ ಹಾಕಿ.

ಆ ಮುಚ್ಚಳ ಆರಿಸಿದ್ದು ಮಗಳು. ಹಳೆಯದು ತುಕ್ಕು ಹಿಡಿದಿತ್ತೆಂದು, ತಾತನಿಗೆ ಅಚ್ಚರಿಯಾಗಲೆಂದು ತಾನು ಕೂಡಿಟ್ಟ ಹಣದಲ್ಲಿ ತಂದಿದ್ದಳು. ಅವಳು ಆ ದಿನ ಏನೂ ಮಾತಾಡಲಿಲ್ಲ. ಅಪ್ಪ ಅದನ್ನು ಎಸೆಯಲು ಬಿಡಲಿಲ್ಲ, ಒರೆಸಿ ಕಿಟಕಿಯ ಮೇಲೆ ಇಟ್ಟರು. ಮನೆಯವರೆಲ್ಲ ಸೇರಿ ಮಾಡುವ ಕೆಲಸದಲ್ಲಿ ದೋಷ ಸಿಕ್ಕಿದ ಕ್ಷಣ ಅದು ಯಾರ ಕೈಯಿಂದ ಬಂತು ಎಂಬುದೂ ಸಿಕ್ಕಿಬಿಡುತ್ತದೆ. ಆ ಕ್ಷಣಕ್ಕೂ ಸಿದ್ಧರಾಗಿರಿ. ನೋಟ್‌ಬುಕ್ಕಿನಲ್ಲಿ ಹೆಸರು ಬರೆಯದೆ "ಮುಚ್ಚಳ" ಎಂದಷ್ಟೇ ಬರೆಯಲು ನಾನು ಮಗನಿಗೆ ಹೇಳಿದೆ.

ಮುಚ್ಚಳ ಸರಿ ಇದ್ದೂ ಪೆಟ್ರೋಲ್ ತಲುಪದಿದ್ದರೆ ಟ್ಯಾಂಕಿನಿಂದ ಮುಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಬನ್ನಿ. ವರ್ಷಗಟ್ಟಲೆ ನಿಂತ ಟ್ಯಾಂಕಿನಲ್ಲಿ ತುಕ್ಕಿನ ಹೊಪ್ಪಳಿಕೆ ಹೀರುವ ಕೊಳವೆಯ ಬಾಯಿಗೆ ಬಂದು ಅಂಟುತ್ತದೆ, ಎಂಜಿನ್ ನಿಂತ ಮೇಲೆ ಕಳಚಿ ಕೆಳಗೆ ಬೀಳುತ್ತದೆ. ಫಿಲ್ಟರಿನಲ್ಲಿ ಕಂದು ಪುಡಿ ಕಂಡರೆ ಇದನ್ನೇ ಅನುಮಾನಿಸಿ. ಪಂಪಿಗೆ ಬರುವ ಸಣ್ಣ ರಬ್ಬರ್ ಪೈಪ್ ಹಳತಾಗಿದ್ದರೆ ಬದಲಿಸಿಯೇ ಬಿಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯುವುದಿಲ್ಲ. ಅದು ಪಂಪಿನ ಹೀರುವ ಬದಿಯಲ್ಲಿ ಇರುವುದರಿಂದ ಬಿರುಕಿನಿಂದ ಪೆಟ್ರೋಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರಬಹುದು, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಲವಾಗಿದ್ದು ಆಯಿಲ್ ಮಟ್ಟ ಏರಿದ್ದರೆ ಪಂಪಿನ ಪೊರೆ ಹರಿದಿರಬಹುದು. ಆ ಆಯಿಲಿನಲ್ಲಿ ಎಂಜಿನ್ ಓಡಿಸಬೇಡಿ.

ಕಿಡಿ ಸತ್ತಿದ್ದರೆ

ಮುಚ್ಚಳ ಬದಲಿಸಿದ ಮೇಲೆ ಹಬ್ಬ ಮಾಡಿದಷ್ಟು ಸಂತೋಷಪಟ್ಟೆವು. ಹತ್ತು ದಿನದ ನಂತರ, ಅರ್ಧ ಟ್ಯಾಂಕಿನಲ್ಲಿ, ಗಾಡಿ ಮತ್ತೆ ನಿಂತಿತು. ಈ ಸಲ ಮುಗ್ಗರಿಸಲಿಲ್ಲ, ದೀಪ ಆರಿಸಿದ ಹಾಗೆ ತಟ್ಟನೆ ನಿಂತಿತು. ಅಪ್ಪ ಆಗಲೇ ಹೇಳಿದರು, "ಇದು ಬೇರೆ." ಇಂಧನ ಕಡಿಮೆಯಾದ ಎಂಜಿನ್ ಕುಂಟುತ್ತಾ ಸಾಯುತ್ತದೆ, ಕಿಡಿ ಹೋದ ಎಂಜಿನ್ ಒಮ್ಮೆಗೇ ಸಾಯುತ್ತದೆ. ಪೂರ್ತಿ ನಂಬುವ ಹಾಗಿಲ್ಲದಿದ್ದರೂ ಇದು ಒಳ್ಳೆಯ ಸುಳಿವು. ಒಂದೇ ಲಕ್ಷಣದ ಹಿಂದೆ ಎರಡು ದೋಷ ಇರಬಹುದೆಂದು ಅಲ್ಲಿಯವರೆಗೆ ನಮಗೆ ಹೊಳೆದಿರಲಿಲ್ಲ. ಮೂರು ನಿಮಿಷದ ಪರೀಕ್ಷೆ ನಡೆಯಿತು: ಮುಚ್ಚಳ ಮೌನ, ಗೆರೆ ಗಟ್ಟಿ, ಕಿಡಿ ಇಲ್ಲ.

ಈಗ ಮೀಟರಿನ ಕೆಲಸ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಎಂಜಿನ್ನನ್ನು ಕೈಯಿಂದ ತಿರುಗಿಸಿ ಪಾಯಿಂಟ್ ಮುಚ್ಚಿಕೊಳ್ಳುವಂತೆ ಮಾಡಿ, ಕೀ ಆನ್ ಮಾಡಿ. ಬೇಗ ಅಳೆದು ಆಫ್ ಮಾಡಿ, ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಸುಮ್ಮನೆ ಬಿಸಿಯಾಗುತ್ತಿರುತ್ತದೆ. ಕಾಯಿಲಿನ ಪಾಸಿಟಿವ್ ತುದಿಗೂ ಎಂಜಿನ್ನಿಗೂ ನಡುವೆ, ಕಾಯಿಲಿಗೆ ಹೋಗುವ ವಿದ್ಯುತ್ತನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಅಥವಾ ಪ್ರತಿರೋಧದ ತಂತಿ ಇರುವ ಗಾಡಿಯಲ್ಲಿ, ಸುಮಾರು 6ರಿಂದ 9 ವೋಲ್ಟ್ ಇರಬೇಕು. ಸೊನ್ನೆ ಇದ್ದರೆ ಕೀ, ತಂತಿ ಅಥವಾ ರೆಸಿಸ್ಟರ್ ಕಡಿದಿದೆ. ನೆಗೆಟಿವ್ ತುದಿಯಲ್ಲಿ 0.2 ವೋಲ್ಟಿಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಪಾಯಿಂಟ್ ಸುಟ್ಟಿದೆ ಅಥವಾ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿನ ತಟ್ಟೆಯನ್ನು ಅರ್ತಿಗೆ ಸೇರಿಸುವ ಬಟ್ಟೆ ಹೊದಿಕೆಯ ಸಣ್ಣ ತಂತಿ ಸವೆದಿದೆ. ಆ ತಂತಿ ಮೋಸಗಾರ. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಆ ತಟ್ಟೆಯನ್ನು ತಿರುಗಿಸಿದಾಗಷ್ಟೇ ಕಡಿದು, ನಿಂತಾಗ ಕೂಡಿಕೊಳ್ಳಬಲ್ಲದು. ಮರದ ಕಡ್ಡಿಯಿಂದ ಅಲುಗಾಡಿಸುತ್ತಾ ಅಳೆಯಿರಿ.

ನಮ್ಮದರಲ್ಲಿ ಪಾಸಿಟಿವ್ ತುದಿ 11.8 ತೋರಿಸಿತು, ನೆಗೆಟಿವ್ 0.7. ಪಾಯಿಂಟಿನ ಮುಖ ನೀಲಿಗಟ್ಟಿ ಗುಳಿ ಬಿದ್ದಿತ್ತು. ಕಾಯಿಲ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಅಂದರೆ ರೆಸಿಸ್ಟರ್ ಸಾಲಿನಲ್ಲೇ ಇಲ್ಲ. ರೆಸಿಸ್ಟರಿನೊಂದಿಗೆ ಕೆಲಸ ಮಾಡಲೆಂದು ಮಾಡಿದ ಕಾಯಿಲಿನ ಒಳ ಪ್ರತಿರೋಧ ಸುಮಾರು 1.5 ಓಮ್. ಅಷ್ಟೇ ಬೆಲೆಯ ರೆಸಿಸ್ಟರ್ ಜೊತೆಗಿದ್ದರೆ 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ಅದಿಲ್ಲದಿದ್ದರೆ 8. ಶಾಖ ಆಂಪಿಯರಿನ ವರ್ಗದಂತೆ ಏರುವುದರಿಂದ ಕಾಯಿಲಿನೊಳಗೆ 24 ವ್ಯಾಟಿನ ಬದಲು 96 ವ್ಯಾಟ್ ಸುಡುತ್ತದೆ. ನಾಲ್ಕು ಪಟ್ಟು.

ಕೀ ಆಫ್ ಮಾಡಿ, ಒದ್ದೆ ಬಟ್ಟೆಯನ್ನು ಕಾಯಿಲಿನ ಲೋಹದ ಮೈಗೆ, ಮೇಲಿನ ತುದಿಗಳಿಗೆ ತಾಗದಂತೆ, ಸುತ್ತಿದೆವು. ಐದು ನಿಮಿಷದಲ್ಲಿ ಕಿಡಿ ಮರಳಿತು. ಬೇರೆ ಯಾವುದನ್ನೂ ಮುಟ್ಟದೆ ಕಾಯಿಲ್ ಒಂದನ್ನೇ ತಣಿಸಿದಾಗ ಕಿಡಿ ಮರಳಿದರೆ ಕಾಯಿಲಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಬಿಸಿ ಕಾಯಿಲಿನ ಓಮ್ ಅಳೆದು, ತಣ್ಣಗಿದ್ದಾಗಿಗಿಂತ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕೆಟ್ಟದ್ದೆಂದು ತೀರ್ಮಾನಿಸಬೇಡಿ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.4ರಷ್ಟು ಏರುತ್ತದೆ. 60 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಕಾಲು ಭಾಗ ಹೆಚ್ಚು ಕಾಣುವುದು ಸಹಜ. ಕಾಯಿಲ್ ತಣಿಸಿಯೂ ಕಿಡಿ ಬಾರದಿದ್ದರೆ ಪಾಯಿಂಟ್ ಸುಡದಂತೆ ಕಾಪಾಡುವ ಕಂಡೆನ್ಸರ್ ಬದಲಿಸಿ ನೋಡಿ. ಅದೂ ಬಿಸಿಯಲ್ಲಿ ಕೈಕೊಡುವ ಭಾಗವೇ. ಪಾಯಿಂಟ್ ತೆರೆಯುವಾಗ ಹಳದಿ ಕಿಡಿ ಜೋರಾಗಿ ಹಾರುತ್ತಿದ್ದರೆ ಅದರ ಮೇಲೆಯೇ ಮೊದಲು ಕಣ್ಣಿಡಿ.

ರೆಸಿಸ್ಟರನ್ನು ದಾಟಿ ನೇರ ತಂತಿ ಎಳೆದವರು ಯಾರು? ಡ್ಯಾಶ್‌ಬೋರ್ಡಿನ ಹಿಂದೆ ತಲೆ ಹಾಕಿದ ನನ್ನ ಗಂಡನಿಗೆ ಬೇರೆ ಬಣ್ಣದ ಒಂದು ತಂತಿ ಸಿಕ್ಕಿತು. ಅದರ ಮೇಲೆ ಒಣಗಿ ಗಟ್ಟಿಯಾದ ಬಟ್ಟೆಯ ಪಟ್ಟಿ ಸುತ್ತಿತ್ತು. ಅಪ್ಪ ಅದನ್ನು ಬೆರಳಲ್ಲಿ ಹಿಡಿದು ನೋಡಿ, ತಾವೇ ಕಟ್ಟಿದ್ದು ಎಂದರು. ಅಮ್ಮನನ್ನೂ ಚಿಕ್ಕವಳಾದ ನನ್ನನ್ನೂ ಕೂರಿಸಿಕೊಂಡು ಬರುತ್ತಿದ್ದ ಒಂದು ಮಳೆಯ ರಾತ್ರಿ, ಸೆಲ್ಫ್ ತಿರುಗಿಸುವಾಗ ಹತ್ತಿಕೊಳ್ಳುವ ಎಂಜಿನ್ ಕೀ ಬಿಟ್ಟ ಕೂಡಲೇ ನಿಲ್ಲತೊಡಗಿತಂತೆ. ಈ ಲಕ್ಷಣವನ್ನು ನೀವೂ ನೆನಪಿಡಿ, ಇದು ರೆಸಿಸ್ಟರ್ ಕಡಿದದ್ದರ ಸ್ಪಷ್ಟ ಗುರುತು. ಸೆಲ್ಫ್ ತಿರುಗುವಾಗ ಕಾಯಿಲಿಗೆ ಬೇರೆ ದಾರಿಯಿಂದ ಪೂರ್ತಿ ವೋಲ್ಟ್ ಸಿಗುತ್ತದೆ, ಕೀ ಬಿಟ್ಟಾಗ ರೆಸಿಸ್ಟರಿನ ದಾರಿಯೊಂದೇ ಉಳಿಯುತ್ತದೆ. ಅಪ್ಪ ಆ ರಾತ್ರಿ ಮನೆ ಸೇರಲು ಒಂದು ತಂತಿ ಎಳೆದರು, ಮನೆ ಸೇರಿದೆವು, ತಂತಿ ಅಲ್ಲೇ ಉಳಿಯಿತು. ಎರಡು ವರ್ಷ ಇಡೀ ಗಾಡಿಯನ್ನು ಬಿಚ್ಚಿದ ನಾವು ಡ್ಯಾಶ್‌ಬೋರ್ಡಿನ ತಂತಿಗಳನ್ನು ಮಾತ್ರ ಹೇಗಿದ್ದವೋ ಹಾಗೆಯೇ ಬಿಟ್ಟಿದ್ದೆವು.

ಹೊಸ ರೆಸಿಸ್ಟರ್, ಅದಕ್ಕೆ ಹೊಂದುವ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಹಾಕಿದೆವು. ಕಾಯಿಲ್ ಕೊಳ್ಳುವಾಗ ಅದರ ಮೇಲೆ ಹೊರಗಿನ ರೆಸಿಸ್ಟರ್ ಬೇಕೋ ಬೇಡವೋ ಎಂದು ಬರೆದಿರುವುದನ್ನು ಓದಿ, ತಂದ ಮೇಲೆ ಮೀಟರಿನಿಂದಲೂ ಅಳೆಯಿರಿ. 3 ಓಮ್ ಆಸುಪಾಸಿನದು ರೆಸಿಸ್ಟರ್ ಬೇಡದ ಜಾತಿ. ಹೊಸ ಜೋಡಣೆಯಲ್ಲಿ ಪಾಸಿಟಿವ್ ತುದಿ 6.4 ವೋಲ್ಟ್, ನೆಗೆಟಿವ್ 0.08.

ದೋಷವನ್ನು ಮರಳಿ ಕರೆಯುವುದು

ಗಾಡಿ ಓಡಿದ ಮಾತ್ರಕ್ಕೆ ದೋಷ ಸಿಕ್ಕಿತು ಎಂದು ಹೇಳಲಾಗದು. ಎರಡು ದೋಷ ಒಟ್ಟಿಗಿದ್ದ ಗಾಡಿಯಲ್ಲಂತೂ ಹೇಳಲೇ ಆಗದು. ಹಾಗಾಗಿ ಎಲ್ಲ ಸರಿಯಾದ ಮೇಲೆ ಮೊದಲು ಟ್ಯಾಂಕ್ ತುಂಬಿಸಿ, ಸರಿಯಾದ ಮುಚ್ಚಳದೊಂದಿಗೆ ಒಂದೂವರೆ ಗಂಟೆ ಓಡಿಸಿದೆವು. ಗೇಜ್ 4 ಬಿಟ್ಟು ಕದಲಲಿಲ್ಲ. ಮರುದಿನ ಮತ್ತೆ ಟ್ಯಾಂಕ್ ತುಂಬಿಸಿ, ಕಿಟಕಿಯ ಮೇಲಿದ್ದ ಹೊಳೆಯುವ ಮುಚ್ಚಳವನ್ನು ಹಾಕಲು ಅಪ್ಪ ಮಗಳನ್ನೇ ಕರೆದರು. ಬೇರೆ ಏನನ್ನೂ ಬದಲಿಸಲಿಲ್ಲ. ಸುಟ್ಟ ಕಾಯಿಲಿನ ವಿಷಯದಲ್ಲಿ ಹೀಗೆ ಮಾಡಬೇಡಿ, ಹೊಸ ಪಾಯಿಂಟ್ ಹಾಳಾಗುತ್ತದೆ. ಮುಚ್ಚಳದ್ದಾದರೆ, ನಿಲ್ಲಲು ಜಾಗವಿರುವ ದಾರಿಯಲ್ಲಿ, ಅಪಾಯವಿಲ್ಲ.

ಹದಿನೈದನೆಯ ನಿಮಿಷದಲ್ಲಿ ಗೇಜ್ 3ಕ್ಕೆ ಬಂತು, ಹದಿನೆಂಟಕ್ಕೆ 2. ಪಕ್ಕದಲ್ಲಿ ಈ ಸಲ ಅಪ್ಪನ ಜಾಗದಲ್ಲಿ ಮಗಳು ಕೂತಿದ್ದಳು. "ಈಗ, ಅಮ್ಮ" ಎಂದಳು. ಗಾಡಿಯನ್ನು ಪಕ್ಕಕ್ಕೆ ತೆಗೆಯುವಷ್ಟರಲ್ಲಿ ಎಂಜಿನ್ ನಿಂತಿತು. ಅವಳೇ ಇಳಿದು ಹೋಗಿ ಮುಚ್ಚಳ ತಿರುಗಿಸಿದಳು, ಟ್ಯಾಂಕ್ ಉಸಿರೆಳೆದುಕೊಂಡಿತು, ಸರಿಯಾದ ಮುಚ್ಚಳ ಹಾಕಿ ಬಂದು ಕೂತಳು. ಆರೆಂಟು ಸುತ್ತು ಸೆಲ್ಫ್ ತಿರುಗಿದ ಮೇಲೆ ಬಟ್ಟಲು ತುಂಬಿ ಎಂಜಿನ್ ಹತ್ತಿಕೊಂಡಿತು. ಹಿಂದಿನ ಕಾರಿನಿಂದ ಇಳಿದು ಓಡಿಬಂದ ಮಗ ಬಾಗಿಲಲ್ಲೇ ನಿಂತು ಅಕ್ಕನಿಗೆ ನೋಟ್‌ಬುಕ್ ಕೊಟ್ಟ. ಅವಳು ಬರೆದಳು: ತುಂಬಿದ ಟ್ಯಾಂಕ್, ಬಿಗಿ ಮುಚ್ಚಳ, 19 ನಿಮಿಷ. ಮುಚ್ಚಳ ಬದಲಿಸಿದ ಮೇಲೆ ಎರಡು ನಿಮಿಷದಲ್ಲಿ ಸ್ಟಾರ್ಟ್. ಎಂಜಿನ್ ಇನ್ನೂ ಬಿಸಿಯಾಗಿಯೇ ಇತ್ತು.